ಜೂನ್ 26ಕ್ಕೆ ಮತ್ತೆ ಪ್ರತಿಜ್ಞೆ, ಬ್ಯಾನರ್, ಭಾಷಣನಾ? ಹುಡುಗರ ನಶೆ ತಡೆಯಲು ಮುಂಬೈಯ ನಮ್ಮ ಸಂಘಗಳು ಏನು ಮಾಡಬಹುದು?

ಡೊಂಬಿವಲಿ ಅಕ್ಕ

ಎಲ್ಲರಿಗೂ ನಮಸ್ಕಾರ. ನಮ್ಮ ಕನ್ನಡ ಸಂಘದ ಕಮಿಟಿಯಲ್ಲಿ ಮೊನ್ನೆ ಜೂನ್ 26ರ ಮಾತು ಬಂತು. ಅದು ಮಾದಕ ವಸ್ತು ವಿರೋಧಿ ದಿನ. ಪ್ರತಿ ವರ್ಷದ ಹಾಗೆ ಒಬ್ಬ ಪೊಲೀಸ್ ಅಧಿಕಾರಿಯನ್ನು ಕರೆಯುವುದು, ಶಾಲು ಹೊದಿಸುವುದು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪ್ರತಿಜ್ಞೆ ಹೇಳಿಸುವುದು, ಆಮೇಲೆ ಉಪ್ಪಿಟ್ಟು, ಶೀರಾ. ಟೀ ಶರ್ಟು, ಬ್ಯಾನರು ಸೇರಿದರೆ ಖರ್ಚೂ ಕಡಿಮೆಯಲ್ಲ. ನಾನು ಬೇಡ ಅಂದೆ. "ಹಾಗಾದರೆ ಏನು ಮಾಡೋಣ, ನೀವೇ ಹೇಳಿ" ಅಂದರು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನ ತಕರಾರು ಇಷ್ಟೇ. ಪ್ರತಿಜ್ಞೆ ಹೇಳುವವರು ಯಾರು? ಅಮ್ಮನ ಕೈ ಹಿಡಿದು ಬಂದ ನಾಲ್ಕನೇ, ಐದನೇ ಕ್ಲಾಸಿನ ಮಕ್ಕಳು. ಹದಿನೈದರಿಂದ ಇಪ್ಪತ್ತರ ಹುಡುಗರು ಆ ಕಡೆ ತಲೆಯನ್ನೂ ಹಾಕುವುದಿಲ್ಲ. ಟ್ಯೂಷನ್ ಬ್ಯಾಗಿನಲ್ಲಿ ವೇಪ್ (ಇ-ಸಿಗರೇಟು), ಸ್ಟೇಷನ್ ಹತ್ತಿರದ ಪಾನ್ ಟಪ್ರಿಯ ಹಿಂದೆ ಗಾಂಜಾ, ಈಗ ಎಲ್ಲರ ಬಾಯಲ್ಲೂ ಎಂಡಿ, ಅದೇ ಮೆಫೆಡ್ರೋನ್ ಅನ್ನುವ ನಶೆಯ ಪುಡಿ. ಮೊದಲೆಲ್ಲ ಗರ್ದುಲ್ಲಾ (ನಶೆಗೆ ಬಿದ್ದವರು) ಅಂದರೆ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಬಿದ್ದುಕೊಂಡವರು ಅಂತ ನಾವು ಮುಖ ತಿರುಗಿಸಿ ಹೋಗುತ್ತಿದ್ದೆವು. ಈಗ ಕೇಳಿಬರುತ್ತಿರುವುದು ಲಿಫ್ಟಿನಲ್ಲಿ "ನಮಸ್ತೆ ಆಂಟಿ" ಅನ್ನುವ ಹುಡುಗರ ಹೆಸರು.

ವರ್ಷವಿಡೀ ನಡೆಯುವಂಥದ್ದು ಏನಾದರೂ ಇದ್ದರೆ ಹೇಳಿ. ಉಪದೇಶ ಬೇಡ, ದಯವಿಟ್ಟು.

ಭಜನೆ ತಾಳ

ಅಕ್ಕ, ಕಮಿಟಿಯಲ್ಲಿ ನಾನೂ ಇದ್ದೇನೆ. ಕಾರ್ಯಕ್ರಮ ಬೇಡ ಅನ್ನುವುದು ಸುಲಭ. ಅದೂ ಇಲ್ಲದಿದ್ದರೆ ಆ ವಿಷಯ ಸಂಘದ ಒಳಗೆ ಬರುವುದೇ ಇಲ್ಲ. ಆ ದಿನ ನಾಲ್ಕು ಜನ ತಂದೆ ತಾಯಿ ಆದರೂ ಮನೆಗೆ ಹೋಗಿ ಮಕ್ಕಳ ಹತ್ತಿರ ಮಾತಾಡುತ್ತಾರೆ. ಇನ್ನೊಂದು, ಪೊಲೀಸರು ಬಂದರೆ ಮಕ್ಕಳಿಗೆ ಸ್ವಲ್ಪ ಹೆದರಿಕೆ ಇರುತ್ತದೆ. ಹೆದರಿಕೆ ಬೇಕು. ನಾವೆಲ್ಲ ಹೆದರಿಯೇ ಅಲ್ವಾ ನೆಟ್ಟಗಿದ್ದದ್ದು?

ಕಾಲೇಜ್ ಕಟ್ಟೆ

ನೆಟ್ಟಗಿದ್ದಿರಾ? ಗಣಪತಿ ವಿಸರ್ಜನೆ ರಾತ್ರಿ ಟೆಂಪೋ ಹಿಂದೆ ನಿಂತಿದ್ದ ಅಂಕಲ್‌ಗಳು ಯಾರು ಹಾಗಾದರೆ?

ಬಿಳಿ ಕೋಟು

ಮುನ್ಸಿಪಲ್ ಆಸ್ಪತ್ರೆಯೊಂದರ ಮನೋರೋಗ ವಿಭಾಗದಲ್ಲಿ ನನ್ನ ಕೆಲಸ. ಈ ವಿಷಯ ದಿನಾ ಕಣ್ಣ ಮುಂದೆ ಇರುತ್ತದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಹೆದರಿಸಿದರೆ ಮಕ್ಕಳು ಬಿಡುತ್ತಾರೆ ಅನ್ನುವುದನ್ನು ಜಗತ್ತು ದೊಡ್ಡ ಮಟ್ಟದಲ್ಲಿ ಪರೀಕ್ಷೆ ಮಾಡಿ ನೋಡಿದೆ. ಅಮೆರಿಕದಲ್ಲಿ 1983ರಲ್ಲಿ ಡೇರ್ ಅನ್ನುವ ಕಾರ್ಯಕ್ರಮ ಶುರುವಾಯಿತು. ಸಮವಸ್ತ್ರದ ಪೊಲೀಸರು ಶಾಲೆಗೆ ಬಂದು ಪಾಠ ಮಾಡುತ್ತಿದ್ದರು. ಭಾರಿ ದುಡ್ಡು, ಭಾರಿ ಹೆಸರು. ಆಮೇಲೆ ಅಧ್ಯಯನ ಮಾಡಿದವರು ಪಾಠ ಕೇಳಿದ ಮಕ್ಕಳಿಗೂ ಕೇಳದ ಮಕ್ಕಳಿಗೂ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ ಅಂದರು. ವಿಶ್ವಸಂಸ್ಥೆಯ ಮಾದಕ ವಸ್ತು ವಿಭಾಗ 2013ರಲ್ಲಿ ತಡೆಗಟ್ಟುವಿಕೆಯ ಮಾನದಂಡಗಳನ್ನು ಪ್ರಕಟಿಸಿ, 2018ರಲ್ಲಿ ಪರಿಷ್ಕರಿಸಿತು. ಬರೀ ಮಾಹಿತಿ ಕೊಡುವುದು, ಭಯ ಹುಟ್ಟಿಸುವುದು, ಚಟ ಬಿಟ್ಟವರನ್ನು ವೇದಿಕೆಗೆ ತಂದು ಕಥೆ ಹೇಳಿಸುವುದು, ಪೊಲೀಸರಿಂದ ಪಾಠ ಮಾಡಿಸುವುದು, ಇವು ಯಾವುವೂ ಶಾಲೆಗಳಲ್ಲಿ ಫಲ ಕೊಡುವುದಿಲ್ಲ ಅಂತ ಅದರಲ್ಲಿ ಇದೆ. ನಮ್ಮ ಜೂನ್ 26ರ ಕಾರ್ಯಕ್ರಮಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿ. ಎಲ್ಲ ಹೊಂದುತ್ತದೆ.

ಫಲ ಕೊಡುವುದು ಬೇಸರ ತರಿಸುವಷ್ಟು ಸಾದಾ ಕೆಲಸಗಳು. ವಾರಕ್ಕೊಮ್ಮೆಯಂತೆ ಕೆಲವು ವಾರ ಮಕ್ಕಳಿಗೆ "ಬೇಡ" ಅನ್ನುವುದನ್ನು, ಸಿಟ್ಟು ಮತ್ತು ಬೇಜಾರನ್ನು ಸಂಭಾಳಿಸುವುದನ್ನು ಆಡಿಸಿ, ಮಾಡಿಸಿ ಕಲಿಸುವುದು. ತಂದೆ ತಾಯಿಗೆ ಹದಿಹರೆಯದ ಮಕ್ಕಳ ಜೊತೆ ಮಾತಾಡುವುದನ್ನು ಕಲಿಸುವುದು. ಸಂಜೆ ಹೊತ್ತು ಮಕ್ಕಳಿಗೆ ಜಾಗ ಕೊಟ್ಟು, ಅಲ್ಲಿ ಒಬ್ಬ ದೊಡ್ಡವರು ಇರುವುದು.

ಐಸ್‌ಲ್ಯಾಂಡ್‌ನ ಉದಾಹರಣೆ ನೋಡಿ. ಅಲ್ಲಿ 1998ರಲ್ಲಿ 15-16 ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 42 ಜನ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿದ್ದರು. 2016ಕ್ಕೆ ಅದು ನೂರಕ್ಕೆ 5. ಏನು ಮಾಡಿದರು? ಆಟ, ಸಂಗೀತದ ಕ್ಲಬ್ಬುಗಳಿಗೆ ಸರ್ಕಾರ ದುಡ್ಡು ಹಾಕಿತು. ತಂದೆ ತಾಯಂದಿರು ರಾತ್ರಿ ಸರದಿ ಪ್ರಕಾರ ಬೀದಿಯಲ್ಲಿ ಸುತ್ತಿದರು. ಮಕ್ಕಳು ರಾತ್ರಿ ಇಷ್ಟು ಗಂಟೆಯ ನಂತರ ಹೊರಗಿರಬಾರದು ಅಂತ ಕಾನೂನು ಮಾಡಿದರು.

ಇನ್ನೊಂದು ಮಾತು. ನಮ್ಮಲ್ಲಿ ಎಂಡಿ ಬಗ್ಗೆ ಗದ್ದಲ ಜಾಸ್ತಿ, ಹೆಂಡದ ಬಗ್ಗೆ ಮೌನ ಜಾಸ್ತಿ. ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆ 2019ರಲ್ಲಿ ಹೊರಬಂತು. ಅದರಲ್ಲಿ 10ರಿಂದ 75 ವಯಸ್ಸಿನವರ ಪೈಕಿ ಮದ್ಯ ಸೇವಿಸುವವರು ಶೇ. 14.6, ಗಾಂಜಾ, ಭಂಗಿ, ಚರಸ್ ಎಲ್ಲ ಸೇರಿ ಶೇ. 2.8. ನನ್ನ ಹತ್ತಿರ ಬರುವ ಹುಡುಗರಲ್ಲಿ ನೇರ ಪುಡಿಯಿಂದ ಶುರು ಮಾಡಿದವರು ಅಪರೂಪ. ಸಿಗರೇಟು, ಬಿಯರು, ಅಲ್ಲಿಂದ ಮುಂದೆ.

ವಿರಾರ್ ಫಾಸ್ಟ್

ಡಾಕ್ಟ್ರೇ, ಐಸ್‌ಲ್ಯಾಂಡ್ ಕಥೆ ಚೆನ್ನಾಗಿದೆ. ಆದರೆ ಆ ದೇಶದ ಜನಸಂಖ್ಯೆ ನಮ್ಮ ಒಂದು ವಾರ್ಡಿನಷ್ಟು. ನಮ್ಮ ಕಥೆ ಕೇಳಿ. ನಾನು, ನನ್ನ ಹೆಂಡತಿ ಇಬ್ಬರೂ ಬೆಳಿಗ್ಗೆ 7ರ ಗಾಡಿ ಹಿಡಿಯುತ್ತೇವೆ. ಮನೆ ಸೇರುವುದು ರಾತ್ರಿ ಎಂಟೂವರೆ, ಒಂಬತ್ತು. ಮಗ ಎರಡು ಗಂಟೆಗೆ ಕಾಲೇಜು ಮುಗಿಸಿ ಬರುತ್ತಾನೆ. ಖಾಲಿ ಮನೆ, ವೈಫೈ, ಕಿಸೆಯಲ್ಲಿ ಯುಪಿಐ. ಅವನ ಗೆಳೆಯರಿಗೆಲ್ಲ ಗೊತ್ತು ನಮ್ಮ ಮನೆ ಖಾಲಿ ಅಂತ. ನಾನು ಬೀದಿಯಲ್ಲಿ ಗಸ್ತು ತಿರುಗಬೇಕಾ, ಕೆಲಸಕ್ಕೆ ಹೋಗಬೇಕಾ? ಊರಲ್ಲಾದರೆ ಅಜ್ಜಿ ಇರುತ್ತಾಳೆ, ದೊಡ್ಡಪ್ಪ ಇರುತ್ತಾರೆ, ಅಂಗಡಿ ಕಾಮತರು ನೋಡಿ "ನಿಮ್ಮ ಮಾಣಿ ಅಲ್ಲಿ ನಿಂತಿದ್ದ" ಅಂತ ಹೇಳುತ್ತಾರೆ. ಇಲ್ಲಿ ಎದುರು ಫ್ಲ್ಯಾಟಿನವರ ಹೆಸರೇ ಗೊತ್ತಿಲ್ಲ.

ಡೊಂಬಿವಲಿ ಅಕ್ಕ

ಇದೇ ನನಗೂ ಅನ್ನಿಸುವುದು. ಮಧ್ಯಾಹ್ನ ಮೂರರಿಂದ ರಾತ್ರಿ ಒಂಬತ್ತರವರೆಗೆ ನಮ್ಮ ಮಕ್ಕಳು ಯಾರ ಕಣ್ಣಿಗೂ ಬೀಳುವುದಿಲ್ಲ. ಅದೇ ಹೊತ್ತಿಗೆ ಸಂಘದ ಹಾಲ್ ಬೀಗ ಹಾಕಿಕೊಂಡಿರುತ್ತದೆ. ಶನಿವಾರ, ಭಾನುವಾರ ಮದುವೆ, ಬಾರಸೆ. ಸೋಮವಾರದಿಂದ ಶುಕ್ರವಾರ ಫ್ಯಾನಿಗೆ ಧೂಳು.

ರಾತ್ರಿಶಾಲೆ ಹಳೇ ಹುಡುಗ

ಇದನ್ನೆಲ್ಲ ಓದಿ ನನಗೆ ಒಂದು ಮಾತು ಹೇಳಬೇಕು ಅನ್ನಿಸಿತು. ನಾನು ಏಳನೇ ಕ್ಲಾಸು ಮುಗಿಸಿ ಕುಂದಾಪುರದ ಕಡೆಯಿಂದ ಬಂದವನು. ಫೋರ್ಟಿನಲ್ಲಿ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ. ಮಲಗುವುದು ಮಾಳಿಗೆಯಲ್ಲಿ, ಹತ್ತು ಹದಿನೈದು ಜನ ಸಾಲಾಗಿ. ಅಲ್ಲಿ ಬೀಡಿಯೂ ಇತ್ತು, ಮಟ್ಕಾವೂ ಇತ್ತು, ಬಾಟ್ಲಿಯೂ ಇತ್ತು. ಕೈಯಲ್ಲಿ ಪಗಾರ, ಹೇಳುವವರು ಕೇಳುವವರು ಯಾರೂ ಇಲ್ಲ. ಹಾಳಾಗಲು ಇನ್ನೇನು ಬೇಕು?

ಆದರೆ ಸಂಜೆ ಆಗುತ್ತಿದ್ದಂತೆ ಧಣಿಗಳು "ಏಯ್, ಶಾಲೆಗೆ ಹೊತ್ತಾಯಿತು" ಅಂತ ಓಡಿಸುತ್ತಿದ್ದರು. ಕನ್ನಡದ ರಾತ್ರಿಶಾಲೆ. ಹಗಲು ಬ್ಯಾಂಕಿನಲ್ಲಿ, ಆಫೀಸಿನಲ್ಲಿ ದುಡಿದ ಮೇಷ್ಟ್ರುಗಳು ರಾತ್ರಿ ಬಂದು ಪಾಠ ಮಾಡುತ್ತಿದ್ದರು. ಪಾಠಕ್ಕಿಂತ ಮುಖ್ಯ ಅಂದರೆ, ಒಂದು ದಿನ ತಪ್ಪಿಸಿದರೆ ಮೇಷ್ಟ್ರು ಹೋಟೆಲಿಗೇ ಬಂದು ವಿಚಾರಿಸುತ್ತಿದ್ದರು. ನಾಟಕ ಇತ್ತು, ಕ್ರಿಕೆಟ್ ತಂಡ ಇತ್ತು, ಗ್ಯಾದರಿಂಗ್ ಇತ್ತು. ನನ್ನ ಜೊತೆಯವರಲ್ಲಿ ವಕೀಲರಾದವರು, ಹೋಟೆಲ್ ಇಟ್ಟವರು, ಬ್ಯಾಂಕ್ ಸೇರಿದವರು ಇದ್ದಾರೆ. ನಶೆ ತಡೆಗಟ್ಟುವಿಕೆ ಅಂತ ಆಗ ಯಾರೂ ಹೆಸರಿಟ್ಟಿರಲಿಲ್ಲ. ಡಾಕ್ಟ್ರು ಈಗ ವಿಶ್ವಸಂಸ್ಥೆ ಹೇಳುತ್ತದೆ ಅನ್ನುವುದನ್ನು ನಮ್ಮ ಹಿರಿಯರು ಚೀಟಿ ಎತ್ತಿ, ಚಂದಾ ಕೂಡಿಸಿ ನಡೆಸಿದ್ದರು.

ಆ ಶಾಲೆಗಳು ಒಂದೊಂದಾಗಿ ಮುಚ್ಚಿದವು. ಊರಿಂದ ಹುಡುಗರು ಬರುವುದು ನಿಂತಿತು, ಅದು ಒಳ್ಳೆಯದೇ. ಆದರೆ ನಮ್ಮ ಹೋಟೆಲುಗಳ ಮಾಳಿಗೆ ಖಾಲಿಯಾಗಿಲ್ಲ. ಈಗ ಅಲ್ಲಿ ಒಡಿಶಾ, ಬಿಹಾರ, ನೇಪಾಳದ ಹುಡುಗರು ಮಲಗುತ್ತಾರೆ. ಅವರನ್ನು ಶಾಲೆಗೆ ಓಡಿಸುವವರು ಯಾರು? "ನಮ್ಮ ಹುಡುಗರು" ಅನ್ನುವಾಗ ಅವರೂ ಲೆಕ್ಕದಲ್ಲಿ ಇದ್ದಾರಾ?

ನಾಕಾ ಮೇಸ್ತ್ರಿ

ರಾತ್ರಿಶಾಲೆ ಅಣ್ಣಾರ ಮಾತು ಖರೇ ಐತ್ರಿ. ನಾವು ಕಲಬುರಗಿ ಕಡೆಯವರು. ನಮ್ಮ ಮಂದಿ ಮುಂಜಾನೆ ನಾಕಾದಲ್ಲಿ ನಿಂತು ಕೆಲಸಕ್ಕೆ ಹೋಗುತ್ತಾರೆ. ಗಂಡ ಹೆಂಡತಿ ಇಬ್ಬರೂ ಹೋದರೆ ಮಕ್ಕಳು ಜೋಪಡಿಯಲ್ಲಿ. ಇಲ್ಲಿ ಎಲ್ಲರೂ ಎಂಡಿ, ವೇಪ್ ಅಂತೀರಿ, ಅದು ಫ್ಲ್ಯಾಟಿನ ಮಕ್ಕಳ ಮಾತು. ನಮ್ಮ ಹುಡುಗರು ಪಂಕ್ಚರ್ ಸೊಲ್ಯೂಷನ್ ಅರಿವೆಗೆ ಹಚ್ಚಿ ಮೂಸುತ್ತಾರೆ. ಹತ್ತು, ಹನ್ನೊಂದು ವರ್ಷದ ಪೋರರು. ಹಸಿವು ಆಗುವುದಿಲ್ಲ ಅಂತಾರೆ. ನಿಮ್ಮ ಸಂಘದ ಹಾಲಿಗೆ ಅವರು ಬರ್ತಾರೇನ್ರಿ? ಬಂದರೆ ಒಳಗೆ ಬಿಡ್ತೀರೇನ್ರಿ?

ಬಿಳಿ ಕೋಟು

ಅಣ್ಣ, ನೀವು ಹೇಳಿದ್ದು ಆ ಸಮೀಕ್ಷೆಯಲ್ಲೂ ಇದೆ. ಮೂಸುವ ಪದಾರ್ಥ ಒಂದರಲ್ಲೇ ದೊಡ್ಡವರಿಗಿಂತ ಮಕ್ಕಳ ಪ್ರಮಾಣ ಜಾಸ್ತಿ. ಮಕ್ಕಳಲ್ಲಿ ಶೇ. 1.17, ದೊಡ್ಡವರಲ್ಲಿ ಶೇ. 0.58. ಇದು ಹೃದಯದ ಬಡಿತವನ್ನೇ ಕೆಡಿಸಬಹುದು, ಮೊದಲ ಸಲ ಮೂಸಿದಾಗಲೇ ಸಾವು ಆದದ್ದೂ ಇದೆ. ಇಂಥ ಮಗು ಕಂಡರೆ 1098ಕ್ಕೆ ಫೋನ್ ಮಾಡಿ, ಅದು ಮಕ್ಕಳ ಸಹಾಯವಾಣಿ. ಕಟ್ಟಡ ಕೆಲಸದ ಜಾಗದಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಮುಂಬೈ ಮೊಬೈಲ್ ಕ್ರೆಶಸ್ ಥರದ ಸಂಸ್ಥೆಗಳೂ ಇವೆ. ಬಿಲ್ಡರ್ ಕಡೆಯಿಂದ ಕೇಳಿಸಿ. ಪೆಟ್ಟು ಕೊಟ್ಟು ಬಿಡಿಸಲು ಹೋಗಬೇಡಿ, ಓಡಿ ಹೋಗುತ್ತಾರೆ ಅಷ್ಟೇ.

ಕಾಲೇಜ್ ಕಟ್ಟೆ

ಯಾರೂ ಹೇಳುತ್ತಿಲ್ಲ, ನಾನೇ ಹೇಳುತ್ತೇನೆ. ಸಂಘದ ವಾರ್ಷಿಕೋತ್ಸವದ ಸ್ಮರಣಸಂಚಿಕೆ ತೆಗೆದು ನೋಡಿ. ಅರ್ಧ ಜಾಹೀರಾತು ಬಾರ್ ಆಂಡ್ ರೆಸ್ಟೋರೆಂಟ್‌ನವರದ್ದು. ಅದೇ ವೇದಿಕೆಯಲ್ಲಿ ನಶೆಮುಕ್ತ ಸಮಾಜ ಅಂತ ಭಾಷಣ. ನಮಗೆ ನಗು ಬರದೆ ಇನ್ನೇನು?

ಗಲ್ಲಾಪೆಟ್ಟಿಗೆ

ತಮ್ಮ, ನಾನು ಆ ಜಾಹೀರಾತು ಕೊಟ್ಟವರಲ್ಲಿ ಒಬ್ಬ. ಸಂಘದ ಕಟ್ಟಡಕ್ಕೆ ಇಟ್ಟಿಗೆ ಹಾಕಿದವರಲ್ಲೂ ಒಬ್ಬ. ನಮ್ಮದು ಲೈಸೆನ್ಸ್ ಇರುವ ಧಂದೆ, ಕಳ್ಳತನ ಅಲ್ಲ. ಈ ರಾಜ್ಯದಲ್ಲಿ ಬಿಯರ್‌ಗೆ 21, ವಿಸ್ಕಿ, ರಮ್ಮಿಗೆ 25 ವಯಸ್ಸು ಆಗಿರಬೇಕು. ನನ್ನ ಕಡೆ ಮೀಸೆ ಚಿಗುರಿದವರು ಬಂದರೆ ಆಧಾರ್ ಕೇಳುತ್ತೇವೆ. ಎಷ್ಟೋ ಸಲ ಜಗಳ ಆಗಿದೆ. ಎಲ್ಲರೂ ಕೇಳುತ್ತಾರಾ ಅಂದರೆ, ಇಲ್ಲ. ಅದನ್ನು ಒಪ್ಪುತ್ತೇನೆ.

ರಾತ್ರಿಶಾಲೆಯವರು ಕೇಳಿದ್ದು ಮಾತ್ರ ಮನಸ್ಸಿಗೆ ಚುಚ್ಚಿತು. ನಮ್ಮ ಮಾಳಿಗೆಯ ಹುಡುಗರ ಸ್ಥಿತಿ ಹೇಳುತ್ತೇನೆ. ರಾತ್ರಿ ಒಂದೂವರೆಗೆ ಶಟರ್ ಎಳೆಯುತ್ತೇವೆ, ಬೆಳಿಗ್ಗೆ ಮತ್ತೆ ಏಳಬೇಕು. ಗುಟ್ಕಾ ಮಹಾರಾಷ್ಟ್ರದಲ್ಲಿ 2012ರಿಂದ ಬಂದ್, ಆದರೂ ಅವರ ಬಾಯಿ ಖಾಲಿ ಇರುವುದಿಲ್ಲ. ಈಗ ಕೆಲವು ಕಡೆ ಎಚ್ಚರ ಇರಲು ಎಂಡಿ ಗೆರೆ ಎಳೆಯುತ್ತಾರೆ ಅಂತ ನಮ್ಮ ಹೋಟೆಲ್‌ನವರ ನಡುವೆಯೇ ಮಾತಿದೆ. ಗೊತ್ತಾದರೆ ನಾವು ಏನು ಮಾಡುತ್ತೇವೆ? ಹಿಸಾಬ್ ಮುಗಿಸಿ ಹೊರಗೆ ಹಾಕುತ್ತೇವೆ. ಅವನು ಇನ್ನೊಂದು ಹೋಟೆಲಿಗೆ ಹೋಗುತ್ತಾನೆ. ರೋಗ ಪಕ್ಕದ ಅಂಗಡಿಗೆ ದಾಟಿಸಿದ ಹಾಗೆ ಆಯಿತು.

ವಾರದ ರಜೆ ಸರಿಯಾಗಿ ಕೊಟ್ಟರೆ, ಶಿಫ್ಟ್ ಎರಡು ಮಾಡಿದರೆ ಅರ್ಧ ಸಮಸ್ಯೆ ಕಡಿಮೆ ಆಗುತ್ತದೆ. ಅದು ಖರ್ಚಿನ ಬಾಬ್ತು. ಒಬ್ಬನೇ ಮಾಡಿದರೆ ಮುಳುಗುತ್ತೇನೆ. ಐದಾರು ಜನ ಒಟ್ಟಿಗೆ ಮಾಡುವುದಾದರೆ ನಾನು ತಯಾರು.

ಕಾಲೇಜ್ ಕಟ್ಟೆ

ಮಾಮ, ನೇರ ಹೇಳಿದ್ದಕ್ಕೆ ಥ್ಯಾಂಕ್ಸ್. ನಾನೂ ನೇರ ಹೇಳುತ್ತೇನೆ. ನಾವು ಸಂಘಕ್ಕೆ ಯಾಕೆ ಬರುವುದಿಲ್ಲ ಗೊತ್ತಾ? ಒಳಗೆ ಕಾಲಿಟ್ಟ ಕೂಡಲೇ "ಎಷ್ಟು ಪರ್ಸೆಂಟ್? ಯಾರ ಮಗ? ಕನ್ನಡ ಓದಲು ಬರುತ್ತದಾ?" ಶುರು. ಮದುವೆಗೆ ಮುಂಚಿನ ಕಾಕ್‌ಟೇಲ್ ಪಾರ್ಟಿಯಲ್ಲಿ ಅದೇ ಅಂಕಲ್‌ಗಳು "ಒಂದು ಸಿಪ್ ತಗೋ, ಗಂಡಸಲ್ವಾ" ಅಂತ ಗ್ಲಾಸ್ ಕೈಗೆ ಕೊಡುತ್ತಾರೆ. ನನಗೆ ಮೊದಲು ಕುಡಿಸಿದ್ದು ಗೆಳೆಯರಲ್ಲ, ಸಂಬಂಧಿಕರು.

ವೇಪ್ 2019ರಲ್ಲೇ ಬ್ಯಾನ್ ಆಗಿದೆ. ಆದರೂ ಮೆಸೇಜ್ ಹಾಕಿದರೆ ಗೇಟಿಗೆ ಬರುತ್ತದೆ. ಶಾಲೆಯ ನೂರು ಗಜದ ಒಳಗೆ ಸಿಗರೇಟು ಮಾರಬಾರದು ಅಂತ 2003ರ ಕಾನೂನಿನಲ್ಲೇ ಇದೆ ಅಂತಾರೆ. ನಮ್ಮ ಕಾಲೇಜಿನ ಗೇಟಿಗೆ ಒರಗಿಯೇ ಟಪ್ರಿ ಇದೆ. ಆಚೆಗೆ ಸಿಗುವುದನ್ನು ನೀವು ಪೂರ್ತಿ ನಿಲ್ಲಿಸಲಾರಿರಿ. ಆದರೆ ರಾತ್ರಿ ಒಂದು ಗಂಟೆಗೆ ಗೆಳೆಯನೊಬ್ಬ ಏನೋ ತಗೊಂಡು ಒದ್ದಾಡುತ್ತಿದ್ದರೆ ಯಾರಿಗೆ ಫೋನ್ ಮಾಡುವುದು? ಅಪ್ಪನಿಗೆ ಮಾಡಿದರೆ ಒದೆ. ಪೊಲೀಸರು ಬಂದರೆ ಎಲ್ಲರೂ ಒಳಗೆ. ಹಾಗಾಗಿ ನೀರು ಹಾಕಿ, ಬೆಳಗಾಗಲಿ ಅಂತ ಕೂರುತ್ತೇವೆ. ಬೈಯದೆ ಫೋನ್ ಎತ್ತುವ ಒಬ್ಬ ದೊಡ್ಡವರನ್ನು ಕೊಡಿ. ಟೀ ಶರ್ಟ್ ನೀವೇ ಇಟ್ಟುಕೊಳ್ಳಿ.

ಬಿಳಿ ಕೋಟು

ಅಂಥ ಹೊತ್ತಿನಲ್ಲಿ ನೀರು ಹಾಕಿ ಕೂರಬೇಡ. ಎಬ್ಬಿಸಿದರೂ ಏಳುತ್ತಿಲ್ಲ, ಉಸಿರು ನಿಧಾನ, ತುಟಿ ನೀಲಿ, ಫಿಟ್ಸ್, ಮೈ ಸುಡುವಷ್ಟು ಬಿಸಿ, ಇದರಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡು. ಆಂಬ್ಯುಲೆನ್ಸ್ ಬರುವವರೆಗೆ ಪಕ್ಕಕ್ಕೆ ತಿರುಗಿಸಿ ಮಲಗಿಸು, ಒಬ್ಬನೇ ಬಿಡಬೇಡ, ಬಾಯಿಗೆ ಏನೂ ಹಾಕಬೇಡ. ಆಸ್ಪತ್ರೆಯಲ್ಲಿ ಏನು ತಗೊಂಡ ಅಂತ ನಿಜ ಹೇಳು. ಅಲ್ಲಿ ನಿಮ್ಮ ಮೇಲೆ ಸಿಟ್ಟು ಮಾಡಿಕೊಳ್ಳಲು ನಮಗೆ ಪುರುಸೊತ್ತು ಇರುವುದಿಲ್ಲ.

ಔಷಧದಂಗಡಿ

ನಾನು ಕೆಮಿಸ್ಟ್. ಇನ್ನೊಂದು ಕಡೆ ಯಾರೂ ನೋಡುತ್ತಿಲ್ಲ. ನಿದ್ದೆ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್. ನೈಟ್ರಜೆಪಾಮ್‌ಗೆ ಇಲ್ಲಿನ ಬೀದಿಯಲ್ಲಿ ಬಟನ್ ಅನ್ನುತ್ತಾರೆ. ಇವೆಲ್ಲ ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಎಚ್1 ಪಟ್ಟಿಯ ಔಷಧಿಗಳು. 2014ರಿಂದ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆವು ಅಂತ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಹುಡುಗರು ಹಳೇ ಚೀಟಿಯ ಜೆರಾಕ್ಸ್ ತರುತ್ತಾರೆ, ವಾಟ್ಸಾಪ್ ಫೋಟೋ ತೋರಿಸುತ್ತಾರೆ, "ಅಜ್ಜಿಗೆ ಬೇಕು" ಅನ್ನುತ್ತಾರೆ. ನಾನು ಕೊಡದಿದ್ದರೆ ಮುಂದಿನ ಗಲ್ಲಿಯಲ್ಲಿ ಯಾರೋ ಕೊಡುತ್ತಾರೆ. ನಮ್ಮ ಸಂಘದಲ್ಲೇ ಕೆಮಿಸ್ಟ್‌ಗಳು ಸುಮಾರು ಜನ ಇದ್ದೇವೆ. ನಮ್ಮನ್ನು ಒಮ್ಮೆ ಕೂರಿಸಿ ಮಾತಾಡಿ.

ಅಜ್ಜಿ ಅಂದಾಗ ನೆನಪಾಯಿತು. ಮನೆಯ ಫ್ರಿಜ್ ಮೇಲಿನ ಡಬ್ಬಿಯಲ್ಲಿ ಅಜ್ಜಿಯ ನಿಜವಾದ ನಿದ್ದೆ ಮಾತ್ರೆ ಇರುತ್ತವೆ. ಎಣಿಸಿ ಇಡಿ. ಅಲ್ಲಿಂದ ಶುರುವಾದವರನ್ನು ನೋಡಿದ್ದೇನೆ.

ಹೆಸರು ಬೇಡ

ಈ ಚರ್ಚೆ ಓದುತ್ತಾ ಇದ್ದೆ. ಬರೆಯಬೇಕೋ ಬೇಡವೋ ಅಂತ ಗೊತ್ತಾಗಲಿಲ್ಲ. ಬರೆಯುತ್ತೇನೆ.

ನನ್ನ ಮಗನಿಗೆ 19. ಎಂಡಿ. ಶುರುವಿನಲ್ಲಿ ನನಗೆ ಖುಷಿಯೇ ಆಗಿತ್ತು. ರಾತ್ರಿಯಿಡೀ ಎಚ್ಚರ ಇದ್ದು ಓದುತ್ತಿದ್ದಾನೆ ಅಂದುಕೊಂಡೆ. ಊಟ ಬೇಡ ಅನ್ನುತ್ತಿದ್ದ, ಸಣ್ಣಗಾದ. ಪರೀಕ್ಷೆಯ ಟೆನ್ಷನ್ ಅಂದುಕೊಂಡೆ. ಒಂದೇ ಸಮನೆ ಮಾತಾಡುತ್ತಿದ್ದ, ಹಲ್ಲು ಕಡಿಯುತ್ತಿದ್ದ. ಆಮೇಲೆ ಎರಡು ದಿನ ಹೆಣದ ಹಾಗೆ ನಿದ್ದೆ. ಎದ್ದರೆ ಯಾರನ್ನೂ ಮಾತಾಡಿಸುತ್ತಿರಲಿಲ್ಲ. ಅವರಪ್ಪನ ಬೈಕ್ ಅಡವಿಟ್ಟ ಮೇಲೆ ವಿಷಯ ಗೊತ್ತಾಯಿತು.

ಯಾರಿಗೂ ಹೇಳಲಿಲ್ಲ. ಸಂಘಕ್ಕಂತೂ ಇಲ್ಲವೇ ಇಲ್ಲ. ಮಗಳಿಗೆ ಗಂಡು ನೋಡುತ್ತಿದ್ದೆವು. ಅಲ್ಲಿ ಒಬ್ಬರ ಕಿವಿಗೆ ಬಿದ್ದರೆ ಮೀರಾರೋಡಿನಿಂದ ಮಂಗಳೂರಿನವರೆಗೆ ಸುದ್ದಿ. ಯಾರೋ ಒಂದು ಖಾಸಗಿ ಕೇಂದ್ರದ ನಂಬರ್ ಕೊಟ್ಟರು. ನಾಲ್ಕು ಜನ ಗಂಡಸರು ಬೆಳಗಿನ ಜಾವ ಬಂದು ಮಗನನ್ನು ಎತ್ತಿ ಗಾಡಿಗೆ ಹಾಕಿದರು. ಮೂರು ತಿಂಗಳು ಭೇಟಿ ಇಲ್ಲ ಅಂದರು. ಬಂದಾಗ ಮಣಿಕಟ್ಟಿನಲ್ಲಿ ಗುರುತು ಇತ್ತು, ಕಟ್ಟಿ ಹಾಕಿದ್ದರಂತೆ. ಎರಡು ವಾರದಲ್ಲಿ ಮತ್ತೆ ಶುರು. ಈಗ ನಮ್ಮ ಮೇಲೂ ನಂಬಿಕೆ ಇಲ್ಲ ಅವನಿಗೆ.

ಸರ್ಕಾರಿ ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತದೆ ಅಂತಾರೆ. ನಿಜವಾ?

ಬಾಂದ್ರಾ ಕೋರ್ಟ್

ಅಕ್ಕ, ನಾನು ವಕೀಲ. ಮೊದಲು ನಿಮ್ಮ ಪ್ರಶ್ನೆಗೆ ಉತ್ತರ. ಚಿಕಿತ್ಸೆಗೆ ಹೋದ ಮಾತ್ರಕ್ಕೆ ಕೇಸ್ ಆಗುವುದಿಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ (ಮಾದಕ ವಸ್ತುಗಳ ಕಾನೂನು) 64ಎ ಅಂತ ಕಲಮು ಇದೆ. ಸೇವನೆಯ ಆರೋಪ ಅಥವಾ ಸಣ್ಣ ಪ್ರಮಾಣದ ಆರೋಪ ಇರುವ ವ್ಯಸನಿ ತಾನಾಗಿ ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಕಡೆ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಮಾರಾಟ ಮಾಡಿದ್ದರೆ ಇದು ಅನ್ವಯ ಆಗುವುದಿಲ್ಲ.

ಎರಡನೆಯದು. ವ್ಯಸನಮುಕ್ತಿ ಕೇಂದ್ರಗಳೂ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಅಡಿಯಲ್ಲಿ ಬರುತ್ತವೆ. ರಾಜ್ಯ ಪ್ರಾಧಿಕಾರದಲ್ಲಿ ನೋಂದಣಿ ಇರಬೇಕು. ಸರಪಳಿ ಹಾಕುವುದನ್ನು ಆ ಕಾಯ್ದೆ ಯಾವ ರೀತಿಯಲ್ಲೂ ಒಪ್ಪುವುದಿಲ್ಲ. ಯಾವ ಕೇಂದ್ರವಾದರೂ ನೋಂದಣಿ ಪತ್ರ ತೋರಿಸಿ ಅಂತ ಕೇಳಿ. ಮನೋವೈದ್ಯರು ಯಾರು, ವಾರಕ್ಕೆ ಎಷ್ಟು ಸಲ ಬರುತ್ತಾರೆ ಕೇಳಿ. ಮನೆಯವರ ಭೇಟಿಯೇ ಇಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ. ನಿಮ್ಮ ಮಗನಿಗೆ ಆದದ್ದರ ಬಗ್ಗೆ ದೂರು ಕೊಡುವುದಿದ್ದರೆ ಹೇಳಿ, ಫೀಸು ಬೇಡ.

ಹುಡುಗರಿಗೆ ಒಂದು ಮಾತು. "ಈ ಪ್ಯಾಕೆಟ್ ಅಲ್ಲಿ ಕೊಟ್ಟು ಬಾ, ಐನೂರು ಕೊಡುತ್ತೇನೆ" ಅನ್ನುವವರಿಂದ ದೂರ ಇರಿ. ಎಂಡಿ 2015ರಲ್ಲಿ ಎನ್‌ಡಿಪಿಎಸ್ ಅಡಿಗೆ ಬಂತು. ಸಣ್ಣ ಪ್ರಮಾಣ ಅಂದರೆ ಬರೀ 2 ಗ್ರಾಂ, 50 ಗ್ರಾಂ ಆದರೆ ವಾಣಿಜ್ಯ ಪ್ರಮಾಣ. ಆಗ ಜಾಮೀನು ಸಿಗುವುದೇ ಕಷ್ಟ. ಪ್ಯಾಕೆಟ್ ಯಾರದ್ದು ಅಂತ ಕೋರ್ಟಿನಲ್ಲಿ ಹೇಳಬಹುದು, ಆದರೆ ಸಿಕ್ಕಿದ್ದು ನಿಮ್ಮ ಬ್ಯಾಗಿನಲ್ಲಿ. ಇನ್ನು ದೊಡ್ಡವರಿಗೆ: 18 ತುಂಬದ ಮಗುವಿಗೆ ಮದ್ಯ, ತಂಬಾಕು, ಡ್ರಗ್ಸ್ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಕಾಕ್‌ಟೇಲ್ ಪಾರ್ಟಿಯ ಅಂಕಲ್‌ಗಳು ಇದನ್ನು ಎರಡು ಸಲ ಓದಲಿ.

ಹಡಪ್ಸರ್ ಕಟ್ಟಾ

ಪುಣೆಯಿಂದ. ಯೆರವಡಾದಲ್ಲಿ ಮುಕ್ತಾಂಗಣ ಅನ್ನುವ ವ್ಯಸನಮುಕ್ತಿ ಕೇಂದ್ರ ಇದೆ, 1986ರಿಂದ ನಡೆಯುತ್ತಿದೆ. ಅನಿಲ್ ಅವಚಟ್, ಅವರ ಪತ್ನಿ ಡಾ. ಅನಿತಾ ಅವಚಟ್ ಶುರು ಮಾಡಿದ್ದು. ಮರಾಠಿ ಲೇಖಕ ಪು.ಲ. ದೇಶಪಾಂಡೆ ಅದಕ್ಕೆ ಬೆಂಬಲ ಕೊಟ್ಟವರು. ಮನೆಯವರನ್ನೂ ಕೂರಿಸಿ ಮಾತಾಡುತ್ತಾರೆ, ಬಿಟ್ಟು ಹೋದ ಮೇಲೂ ಸಂಪರ್ಕ ಇಟ್ಟುಕೊಳ್ಳುತ್ತಾರೆ. ಮುಂಬೈಯಲ್ಲಿ ಬಾಂದ್ರಾದ ಕೃಪಾ ಫೌಂಡೇಶನ್ ಇದೆ, ಫಾದರ್ ಜೋ ಪಿರೇರಾ 1981ರಲ್ಲಿ ಶುರು ಮಾಡಿದ್ದು. ಅಕ್ಕ, ನಿಮ್ಮ ಮಗನನ್ನು ಎತ್ತಿ ಹಾಕಿಸುವ ಅಗತ್ಯ ಇಲ್ಲ. ಮೊದಲು ನೀವೇ ಹೋಗಿ ಮಾತಾಡಿ, ಅವನು ಆಮೇಲೆ ಬರಲಿ.

ಪುಣೆಯ ಕಷ್ಟ ಬೇರೆ. ಇಲ್ಲಿ ಬೆಳಗಾವಿ, ಹುಬ್ಬಳ್ಳಿ, ವಿಜಯಪುರದಿಂದ ಓದಲು ಬಂದ ಮಕ್ಕಳು ಪಿಜಿಯಲ್ಲಿ ಇರುತ್ತಾರೆ. ಮನೆಯವರು ತಿಂಗಳಿಗೊಮ್ಮೆ ದುಡ್ಡು ಹಾಕುತ್ತಾರೆ, ಅಷ್ಟೇ. 2024ರಲ್ಲಿ ದೌಂಡ್ ಹತ್ತಿರದ ಕುರ್ಕುಂಭ್‌ನ ಕಾರ್ಖಾನೆಯಲ್ಲಿ ಪೊಲೀಸರು ನೂರಾರು ಕಿಲೋ ಎಂಡಿ ಹಿಡಿದಾಗ ಊರಿನ ತಂದೆ ತಾಯಿ ಎಲ್ಲ ಒಂದು ವಾರ ದಿನಾ ಫೋನ್ ಮಾಡಿದರು. ಆಮೇಲೆ ಮತ್ತೆ ಮೊದಲಿನ ಹಾಗೆ. ನಾವು ಕೆಲವರು ಭಾನುವಾರ ಕ್ರಿಕೆಟ್ ಆಡಿಸುತ್ತೇವೆ, ಆಮೇಲೆ ಯಾರದ್ದಾದರೂ ಮನೆಯಲ್ಲಿ ರೊಟ್ಟಿ ಊಟ. ಎರಡು ಭಾನುವಾರ ಬಾರದವನ ಪಿಜಿಗೆ ಹೋಗಿ ನೋಡುತ್ತೇವೆ. ಇಷ್ಟೇ ನಮ್ಮ ಯೋಜನೆ. ಹೆಸರೂ ಇಟ್ಟಿಲ್ಲ.

ಭಜನೆ ತಾಳ

ತಾಯಿ ಬರೆದದ್ದು ಓದಿ ನಿದ್ದೆ ಬರಲಿಲ್ಲ. ಮಗಳ ಮದುವೆಗೆ ತೊಂದರೆ ಅಂತ ಸಂಘದಿಂದ ಮುಚ್ಚಿಟ್ಟರು ಅಂದರೆ ನಾವು ಯಾವ ಥರದ ಸಂಘ ಕಟ್ಟಿದ್ದೇವೆ?

ಆದರೂ ಒಂದು ವಿಷಯದಲ್ಲಿ ನನ್ನ ಭಿನ್ನಾಭಿಪ್ರಾಯ ಇದೆ. ಕಾಲೇಜ್ ಹುಡುಗ ಕೇಳಿದ ಹಾಗೆ ಫೋನ್ ಎತ್ತುವವರು ಇರಲಿ, ಆದರೆ ಫೋನ್ ಮಾಡಿ ಹೇಳಿದ್ದನ್ನು ತಂದೆ ತಾಯಿಯಿಂದ ಮುಚ್ಚಿಡುವುದು ಸರಿಯಲ್ಲ. ನಾಳೆ ಏನಾದರೂ ಆದರೆ ಅವರು ನಮ್ಮ ಕಾಲರ್ ಹಿಡಿಯುವುದಿಲ್ವಾ?

ನಮ್ಮ ಬೆಳ್ತಂಗಡಿ ಕಡೆ ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಮದ್ಯವರ್ಜನ ಶಿಬಿರ ಮಾಡುತ್ತಾರೆ. ಅಲ್ಲಿ ಊರವರೇ ಸಮಿತಿ ಮಾಡಿ ಊಟ ಹಾಕುತ್ತಾರೆ, ಮನೆಯವರನ್ನೂ ಕರೆಸುತ್ತಾರೆ, ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಅಂತ ಒಟ್ಟಿಗೆ ಸೇರುತ್ತಾರೆ. ಎಲ್ಲ ಬಹಿರಂಗವಾಗಿಯೇ ನಡೆಯುತ್ತದೆ.

ಬಿಳಿ ಕೋಟು

ಅಣ್ಣ, ಅಲ್ಲಿಗೆ ಬರುವವರು ಐವತ್ತು ವರ್ಷದ ಗೃಹಸ್ಥರು, ಊರಿಗೆಲ್ಲ ಮೊದಲೇ ಗೊತ್ತಿರುತ್ತದೆ. ಹದಿನೇಳರ ಹುಡುಗನ ಗುಟ್ಟು ಬೇರೆ. ಜೀವಕ್ಕೆ ಅಪಾಯ ಇದ್ದರೆ, ಯಾರಾದರೂ ಅವನನ್ನು ದುರುಪಯೋಗ ಮಾಡುತ್ತಿದ್ದರೆ ಮನೆಯವರಿಗೆ ಹೇಳಲೇಬೇಕು. ಹಾಗಂತ ಹುಡುಗನಿಗೆ ಮೊದಲೇ ತಿಳಿಸಿರಬೇಕು. ಅಷ್ಟಿಲ್ಲದಿದ್ದರೆ, "ಅಪ್ಪನಿಗೆ ನೀನೇ ಹೇಳು, ನಾನು ಪಕ್ಕದಲ್ಲಿ ಕೂರುತ್ತೇನೆ" ಅನ್ನಿ. ಮೊದಲ ಫೋನಿನ ವಿಷಯ ಮನೆಗೆ ಹೋಯಿತು ಅಂದರೆ ಎರಡನೇ ಫೋನ್ ಬರುವುದಿಲ್ಲ.

ಭಜನೆ ತಾಳ

ಪೂರ್ತಿ ಒಪ್ಪಲು ಆಗುತ್ತಿಲ್ಲ. ಯೋಚಿಸುತ್ತೇನೆ.

ಡೊಂಬಿವಲಿ ಅಕ್ಕ

ಇಷ್ಟು ಜನ ಬರೆದದ್ದಕ್ಕೆ ನಾನು ಕಮಿಟಿಗೆ ಕೊಡುತ್ತಿರುವ ಪತ್ರದ ಸಾರ ಇಲ್ಲಿ ಹಾಕುತ್ತೇನೆ. ಬ್ಯಾನರ್, ಟೀ ಶರ್ಟ್, ಶಾಲಿನ ದುಡ್ಡಿನಲ್ಲಿ ಕೇರಂ ಬೋರ್ಡ್, ಟೇಬಲ್ ಟೆನಿಸ್, ವೈಫೈ. ವಾರದ ದಿನ ಸಂಜೆ ನಾಲ್ಕರಿಂದ ಒಂಬತ್ತರವರೆಗೆ ಹಾಲ್ ತೆರೆದಿರಬೇಕು. ಪರ್ಸೆಂಟ್ ಕೇಳುವವರಿಗೆ ಪ್ರವೇಶ ಇಲ್ಲ (ಇದನ್ನು ಬೋರ್ಡಿನಲ್ಲೇ ಬರೆಸುತ್ತೇನೆ). ತಂದೆ ತಾಯಂದಿರಿಗೆ ಶನಿವಾರ ಡಾಕ್ಟ್ರ ಜೊತೆ ಕೂತು ಮಾತು, ಹೊರಗಿನವರಿಗೆ ಮೈಕ್ ಇಲ್ಲ. ಕೆಮಿಸ್ಟ್‌ಗಳ ಸಭೆ ಬೇರೆ, ಹೋಟೆಲ್‌ನವರ ಸಭೆ ಬೇರೆ. ಫೋನ್ ಹಿಡಿಯಲು ಇಬ್ಬರು, ಒಬ್ಬರು ಹೆಂಗಸು. ಅವರಿಗೆ ಮೊದಲು ಡಾಕ್ಟ್ರು ತರಬೇತಿ ಕೊಡುತ್ತಾರೆ. ನಮ್ಮವರು ಎತ್ತದಿದ್ದರೆ ಇರಲಿ ಅಂತ ಬಾಗಿಲಲ್ಲೇ 14446 ಬರೆಸುತ್ತೇವೆ, ಅದು ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ. ಮಾರುವವರ ಬಗ್ಗೆ ತಿಳಿಸಲು 1933.

"ಹೆಸರು ಬೇಡ" ಅಕ್ಕ, ನಿಮಗೆ ಬೇರೆಯಾಗಿ ಮೆಸೇಜ್ ಮಾಡಿದ್ದೇನೆ. ನಾಡಿದ್ದು ಒಪಿಡಿಗೆ ನಾನೂ ಬರುತ್ತೇನೆ. ಯಾರಾದರೂ ಕಂಡು ಕೇಳಿದರೆ ನನ್ನ ಬೆನ್ನು ನೋವು ಅಂತ ಹೇಳೋಣ.

ಗಲ್ಲಾಪೆಟ್ಟಿಗೆ

ಹೋಟೆಲ್‌ನವರ ಸಭೆ ನನ್ನ ಕಡೆಯೇ ಇಡಿ, ಮಂಗಳವಾರ ಮಧ್ಯಾಹ್ನ ಮೂರೂವರೆಗೆ. ಆ ಹೊತ್ತಿಗೆ ಗಿರಾಕಿ ಕಡಿಮೆ. ನಾಲ್ಕು ಜನ ಹ್ಞೂಂ ಅಂದಿದ್ದಾರೆ. ವಾರದ ರಜೆ ಮತ್ತು ಎಂಡಿ ತಗೊಂಡ ಹುಡುಗನನ್ನು ಹೊರಗೆ ಹಾಕುವ ಮೊದಲು ಆಸ್ಪತ್ರೆಗೆ ಕಳಿಸುವುದು, ಎರಡೇ ವಿಷಯ. ಸ್ಮರಣಸಂಚಿಕೆಗೆ ಈ ವರ್ಷ ಬಾರಿನ ಹೆಸರಿನಲ್ಲಿ ಜಾಹೀರಾತು ಬೇಡ, ನನ್ನ ತಾಯಿಯ ಹೆಸರಿನಲ್ಲಿ ಹಾಕಿ. ದುಡ್ಡು ಅಷ್ಟೇ ಇರುತ್ತದೆ.

ನಾಕಾ ಮೇಸ್ತ್ರಿ

ನನ್ನ ಸವಾಲಿಗೆ ಇನ್ನೂ ಜವಾಬು ಬಂದಿಲ್ಲರಿ. ನಮ್ಮ ಹುಡುಗರು ಬರಬಹುದೇನು?

ರಾತ್ರಿಶಾಲೆ ಹಳೇ ಹುಡುಗ

ಬರಲಿ ಮಾರಾಯ್ರೆ. ಸೋಮವಾರ, ಬುಧವಾರ ನಾನು ಕೂರುತ್ತೇನೆ. ರಿಟೈರ್ ಆದವನಿಗೆ ಬೇರೆ ಏನು ಕೆಲಸ? ಚಪ್ಪಲಿ ಹೊರಗೆ ಬಿಡಬೇಕು ಅಷ್ಟೇ ನಿಯಮ. ಐದೂವರೆಗೆ ಇಡ್ಲಿ, ಚಹಾ ಕೊಟ್ಟರೆ ಹಸಿದವರು ತಾವಾಗಿಯೇ ಬರುತ್ತಾರೆ. ಶೆಟ್ರೇ, ಇಡ್ಲಿ ನಿಮ್ಮ ಕಡೆಯಿಂದ ಬರಬಹುದಾ?

ಗಲ್ಲಾಪೆಟ್ಟಿಗೆ

ಬರುತ್ತದೆ. ಸಾಂಬಾರ್ ಬೇಡ, ಹಾಲ್ ಎಲ್ಲ ಚೆಲ್ಲುತ್ತಾರೆ. ಚಟ್ನಿ ಕಳಿಸುತ್ತೇನೆ.

ಕಾಲೇಜ್ ಕಟ್ಟೆ

ವೈಫೈ ಪಾಸ್‌ವರ್ಡ್ ಕನ್ನಡ ಗಾದೆ ಇಡಬೇಡಿ, ಪ್ಲೀಸ್. ಶುಕ್ರವಾರ ನಾನು ಇನ್ನಿಬ್ಬರನ್ನು ಕರೆದುಕೊಂಡು ಬರುತ್ತೇನೆ. ಟೇಬಲ್ ಟೆನಿಸ್ ಟೇಬಲ್ ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಕಲ್ಯಾಣದಲ್ಲಿ ಒಂದು ನೋಡಿಟ್ಟಿದ್ದೇನೆ.

ಭಜನೆ ತಾಳ

ಹಾಲಿನ ಬೀಗದ ಕೈ ನನ್ನ ಹತ್ತಿರ ಇದೆ. ಕಮಿಟಿಯಲ್ಲಿ ನಾನೇ ಅನುಮೋದಿಸುತ್ತೇನೆ. ಆದರೆ ಗುರುವಾರ ಏಳರಿಂದ ಎಂಟು ಭಜನೆ ಇರುತ್ತದೆ, ಆ ಒಂದು ಗಂಟೆ ಟೇಬಲ್ ಟೆನಿಸ್ ಆಡುವ ಹಾಗಿಲ್ಲ. ಕೇರಂ ಆಡಬಹುದು.